ಖಾಲಿ ಜಾಗಕ್ಕೆ ಹೋದ ಚೆಂಡು

“ಯಾರಿಗೆ ಕೊಟ್ಟೆ ಅದನ್ನ? ಯಾರಿಗೆ?”

ಸ್ಮೃತಿ ಎರಡೂ ಕೈ ಮೇಲೆತ್ತಿ ಕಿರುಚಿದಳು. ಚೆಂಡು ಆಗಲೇ ಬಿಳಿ ಗೆರೆ ದಾಟಿ ಮೈದಾನದ ಮೂಲೆಯ ಪೊದೆಯ ಕಡೆಗೆ ಉರುಳುತ್ತಿತ್ತು. ಅದನ್ನು ಒದ್ದ ಚೇತನಾ ಮೈದಾನದ ನಡುವೆ ನಿಂತಿದ್ದಳು. ಏನೋ ಹೇಳಲು ಹೊರಟು ಮರೆತುಹೋದವಳ ಹಾಗೆ ಅವಳ ಬಾಯಿ ಸ್ವಲ್ಪ ತೆರೆದೇ ಇತ್ತು.

“ನಾನಿಲ್ಲಿ ನಿಂತಿದೀನಿ ಕಣೇ! ಕಾಣಲ್ವಾ ನಿಂಗೆ?”

“ಸಾರಿ ಅಕ್ಕಾ.”

“ಬರೀ ಸಾರಿ ಸಾರಿ!”

ಅಷ್ಟರಲ್ಲಿ ಎದುರು ಟೀಮಿನವರು ಚೆಂಡನ್ನು ಒಳಗೆಸೆದು ಓಡತೊಡಗಿದ್ದರು. ಸ್ಮೃತಿ ಓಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಳು. ಚೇತನಾ ಒಬ್ಬಳೇ ಅವರ ಹಿಂದೆ ಓಡಿದಳು, ಜಾರಿ ಬಿದ್ದಳು, ಎದ್ದು ಮತ್ತೆ ಓಡಿದಳು. ಅವಳು ತಲುಪುವ ಹೊತ್ತಿಗೆ ಚೆಂಡು ಗೋಲಿನೊಳಗೆ ಹೋಗಿಯಾಗಿತ್ತು.

ಸೊನ್ನೆ–ಎರಡು. ಕೆಂಗೇರಿ ಹತ್ತಿರದ ಉಲ್ಲಾಳದ ಆ ಮೈದಾನದಲ್ಲಿ ಹೇರೋಹಳ್ಳಿ ಶಾಲೆಯ ಹುಡುಗಿಯರು ಮತ್ತೆ ಸೋತರು.

ಪಂದ್ಯ ಮುಗಿದ ಮೇಲೆ ಎಲ್ಲರೂ ಹೊಂಗೆ ಮರದ ಕೆಳಗೆ ಕುಳಿತು ಸಾಕ್ಸ್ ಬಿಚ್ಚುತ್ತಿದ್ದರು. ಪಿಟಿ ಮೇಷ್ಟ್ರು ರುದ್ರಮುನಿ ಸಾರ್ ದೂರದಲ್ಲಿ ರೆಫರಿಯ ಜೊತೆ ಮಾತಾಡುತ್ತಿದ್ದರು.

“ಹೋದ್ ವರ್ಷ ಸೆಮಿಫೈನಲ್‌ವರೆಗೂ ಹೋಗಿದ್ವಿ,” ಎಂದಳು ಇಂಚರಾ. “ಈ ವರ್ಷ ಒಂದೇ ಒಂದು ಗೋಲೂ ಇಲ್ಲ.”

“ಹೋದ್ ವರ್ಷ ಶರಣ್ಯಾ ಅಕ್ಕ ಇದ್ರು,” ಸ್ಮೃತಿ ಶೂ ಕಿತ್ತು ನೆಲಕ್ಕೆ ಕುಕ್ಕಿದಳು. “ಈ ವರ್ಷ ಇವಳಿದಾಳೆ. ಇವಳು ಬಂದ್ಮೇಲೇ ನಮ್ ಟೀಮ್ ಹಾಳಾಗಿದ್ದು. ಇವ್ಳು ಅವಳೂರಲ್ಲೇ ಇರ್ಬೇಕಿತ್ತು.”

ಯಾರೋ ಕಿಸಕ್ಕನೆ ನಕ್ಕರು. ಚೇತನಾ ತಲೆ ಬಗ್ಗಿಸಿ ಲೇಸು ಬಿಚ್ಚುತ್ತಿದ್ದಳು. ಲೇಸು ಬಿಚ್ಚಿಯಾಗಿತ್ತು. ಆದರೂ ಅವಳ ಬೆರಳುಗಳು ಅದರ ತುದಿಯನ್ನು ಹಿಡಿದೆಳೆಯುತ್ತಲೇ ಇದ್ದವು.

ಶರಣ್ಯಾ ಅಕ್ಕ ಈಗ ವಿಜಯನಗರದ ಹೈಸ್ಕೂಲಿಗೆ ಹೋಗುತ್ತಾಳೆ. ಅವಳಿದ್ದಾಗ ಸ್ಮೃತಿಗೆ ಫುಟ್‌ಬಾಲ್ ಎಂದರೆ ಸುಲಭದ ಆಟವಾಗಿತ್ತು. ಗೋಲಿನ ಹತ್ತಿರ ನಿಂತು ಕೈ ಎತ್ತಿದರೆ ಸಾಕು, ಎಷ್ಟೇ ಗುಂಪಿದ್ದರೂ ಚೆಂಡು ಸಾಕಿದ ನಾಯಿಮರಿಯ ಹಾಗೆ ಅವಳ ಕಾಲ ಬಳಿಗೇ ಬರುತ್ತಿತ್ತು. ತಿರುಗಿ ಒದೆಯುವುದಷ್ಟೇ ಅವಳ ಕೆಲಸ. ಅಸೆಂಬ್ಲಿಯಲ್ಲಿ ಚಪ್ಪಾಳೆ ಮಾತ್ರ ಸ್ಮೃತಿಗೇ ಹೆಚ್ಚು ಬೀಳುತ್ತಿತ್ತು.

ಆ ಜಾಗಕ್ಕೆ ಈಗ ಚೇತನಾ ಬಂದಿದ್ದಳು. ಅವಳಿನ್ನೂ ಐದನೇ ಕ್ಲಾಸು. ಟೀಮಿನಲ್ಲಿ ಎಲ್ಲರಿಗಿಂತ ಚಿಕ್ಕವಳು. ಅಪ್ಪ ಗೂಳಪ್ಪ ಬೈಕಿನಲ್ಲಿ ಪಾರ್ಸೆಲ್ ಹಂಚುವ ಕೆಲಸ ಹಿಡಿದಿದ್ದರಿಂದ ಶಾಲೆ ಶುರುವಾಗುವ ಹೊತ್ತಿಗೆ ಮನೆಮಂದಿಯೆಲ್ಲ ಬಾದಾಮಿ ಕಡೆಯಿಂದ ಬಂದಿದ್ದರು. ಪಿಟಿ ಪೀರಿಯಡ್‌ನಲ್ಲಿ ಅವಳು ಆಡುವುದನ್ನು ನೋಡಿ ರುದ್ರಮುನಿ ಸಾರ್ ಟೀಮಿಗೆ ಕರೆದುಕೊಂಡರು. “ನೀವೆಲ್ಲ ಚೆಂಡು ನೋಡ್ತೀರಿ. ಈ ಹುಡುಗಿ ತಲೆ ಎತ್ತಿ ಮೈದಾನ ನೋಡ್ತಾಳೆ. ಸ್ವಲ್ಪ ಟೈಮ್ ಕೊಡಿ,” ಎಂದಿದ್ದರು.

ಮೊದಲ ದಿನವೇ ಚೇತನಾ, “ಅಕ್ಕಾ, ಚೆಂಡು ಎಲ್ಲಿ ಒಗೀಲಿ?” ಎಂದು ಕೇಳಿದ್ದಳು. ಅವಳ ಊರಲ್ಲಿ ಒಗೆಯುವುದು ಎಂದರೆ ಎಸೆಯುವುದು. “ಒಗೆಯೋಕೆ ಇದೇನು ಬಟ್ಟೇನಾ? ಸೋಪು ತಂದಿದೀಯಾ?” ಎಂದು ಸ್ಮೃತಿ ಕೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಗ ಚೇತನಾ ಕೂಡ ನಕ್ಕಿದ್ದಳು. ಆದರೆ ಅವತ್ತಿನಿಂದ ಮೈದಾನದಲ್ಲಿ ಅವಳ ಮಾತು ಕಡಿಮೆಯಾಗುತ್ತ ಬಂದು ಕೊನೆಗೆ “ಸಾರಿ ಅಕ್ಕಾ” ಒಂದೇ ಉಳಿದಿತ್ತು.

ಮರುವಾರ ಪ್ರಾಕ್ಟೀಸ್ ಮಾಡುವಾಗ ಸ್ಮೃತಿಯ ಕಾಲು ಹಳ್ಳಕ್ಕೆ ಸಿಕ್ಕಿ ಉಳುಕಿತು. ಪಾದ ಊದಿಕೊಂಡಿತು. ಅಮ್ಮ ಸ್ಕೂಟಿಯಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಬ್ಯಾಂಡೇಜ್ ಕಟ್ಟಿಸಿದರು.

“ಶನಿವಾರ ಮ್ಯಾಚ್ ಇದೆಯಲ್ಲ ಸಾರ್!” ಮರುದಿನ ಶಾಲೆಯಲ್ಲಿ ಸ್ಮೃತಿ ಅಳುವುದೊಂದೇ ಬಾಕಿ.

“ಇದ್ರೆ ಏನ್ಮಾಡೋದು? ನನ್ ಪಕ್ಕ ಕೂತ್ಕೋ,” ಎಂದರು ರುದ್ರಮುನಿ ಸಾರ್. “ನಿಂಗೊಂದು ಕೆಲಸ ಕೊಡ್ತೀನಿ. ನಮ್ಮ ಅಟ್ಯಾಕ್ ಯಾಕೆ ನಡೀತಿಲ್ಲ, ಗೋಲ್ ಯಾಕೆ ಬರ್ತಿಲ್ಲ, ನೋಡಿ ಹೇಳು.”

ಅದರಲ್ಲಿ ನೋಡುವುದೇನಿದೆ ಎನಿಸಿತು ಸ್ಮೃತಿಗೆ. ಉತ್ತರ ಆಗಲೇ ಅವಳ ನಾಲಿಗೆಯ ತುದಿಯಲ್ಲಿತ್ತು.

ಶನಿವಾರ ಮೋಡ ಕವಿದಿತ್ತು. ಸ್ಮೃತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದಳು. ಅವಳ ಜಾಗದಲ್ಲಿ ಇಂಚರಾ ಆಡುತ್ತಿದ್ದಳು. ಸ್ವಲ್ಪ ಹೊತ್ತಿಗೇ ಚೇತನಾಳ ಕಾಲಿನಿಂದ ಚೆಂಡು ತಪ್ಪಿ ಎದುರಾಳಿಗೆ ಹೋಯಿತು.

“ನೋಡಿದ್ರಾ ಸಾರ್?”

“ನೀನು ಚೆಂಡನ್ನೇ ನೋಡ್ತಿದೀಯಾ,” ಸಾರ್ ಮೈದಾನದಿಂದ ಕಣ್ಣು ತೆಗೆಯದೆ ಹೇಳಿದರು. “ಚೆಂಡು ಯಾರ ಹತ್ರ ಇಲ್ವೋ ಅವರನ್ನ ನೋಡು.”

ಸ್ಮೃತಿ ಬೇಸರದಿಂದಲೇ ನೋಡಿದಳು. ಚೇತನಾಳ ಹತ್ತಿರ ಮತ್ತೆ ಚೆಂಡು ಬಂತು. ಅವಳು ತಲೆ ಎತ್ತಿದಳು. ಎಡಗಡೆಯ ಹುಡುಗಿ ನಿಂತಿದ್ದಳು. ಬಲಗಡೆಯವಳು ಜಡೆ ಸರಿಮಾಡಿಕೊಳ್ಳುತ್ತಿದ್ದಳು. ಮುಂದೆ ಇಂಚರಾ, ಎತ್ತರದ ಡಿಫೆಂಡರ್ ಒಬ್ಬಳ ಬೆನ್ನ ಹಿಂದೆ ನಿಂತು ಕೈ ಎತ್ತಿ, “ಪಾಸ್! ಪಾಸ್!” ಎಂದು ಕೂಗುತ್ತಿದ್ದಳು. ಅಲ್ಲಿಗೆ ಚೆಂಡು ಹೋಗಲು ದಾರಿಯೇ ಇರಲಿಲ್ಲ. ಚೇತನಾ ಈ ಕಡೆ ನೋಡಿದಳು, ಆ ಕಡೆ ನೋಡಿದಳು. ಅಷ್ಟರಲ್ಲಿ ಇಬ್ಬರು ಬಂದು ಅವಳ ಮೇಲೆ ಬಿದ್ದರು.

“ಏಯ್, ಏನೇ ಮಾಡ್ತಿದೀಯಾ!” ಇಂಚರಾ ಕಿರುಚಿದಳು. ಎರಡೂ ಕೈ ಮೇಲೆತ್ತಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಇಂಚರಾ ನಿಂತ ರೀತಿ ಸ್ಮೃತಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಸಲ ಚೇತನಾ ಚೆಂಡನ್ನು ಬಲಕ್ಕೆ ಉದ್ದವಾಗಿ ಒದ್ದಳು. ಅಲ್ಲಿ ಯಾರೂ ಇರಲಿಲ್ಲ. “ಯಾರಿಗೆ ಕೊಟ್ಟೆ?” ಎಂದು ಮೈದಾನದಲ್ಲಿ ಮೂರ್ನಾಲ್ಕು ಗಂಟಲುಗಳು ಒಟ್ಟಿಗೆ ಕೂಗಿದವು. ಆದರೆ ಹೊರಗೆ ಕುಳಿತ ಸ್ಮೃತಿಗೆ ಆ ಜಾಗ ಸ್ಪಷ್ಟವಾಗಿ ಕಂಡಿತು. ಡಿಫೆಂಡರ್‌ಗಳೆಲ್ಲ ಇಂಚರಾಳನ್ನು ಸುತ್ತಿಕೊಂಡಿದ್ದರು. ಬಲಗಡೆ ಖಾಲಿ. ಇಂಚರಾ ಅಲ್ಲಿಗೆ ಓಡಿದ್ದರೆ ಅವಳೆದುರು ಚೆಂಡು ಮತ್ತು ಗೋಲ್‌ಕೀಪರ್ ಮಾತ್ರ ಇರುತ್ತಿದ್ದರು.

ಚೇತನಾಳ ತುಟಿ ಅಲ್ಲಾಡಿತು. ಅಷ್ಟು ದೂರದಿಂದ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ.

ಹಾಫ್‌ಟೈಮಿನಲ್ಲಿ ಸಾರ್ ಕೇಳಿದರು, “ಏನಮ್ಮಾ, ಯಾಕೆ ಗೋಲ್ ಬರ್ತಿಲ್ಲ?”

ನಾಲಿಗೆಯ ತುದಿಯಲ್ಲಿದ್ದ ಉತ್ತರ ಈಗ ಅಲ್ಲಿರಲಿಲ್ಲ. “ಯಾರೂ ಓಡ್ತಿಲ್ಲ ಸಾರ್,” ಎಂದಳು ಸ್ಮೃತಿ, ಮೆಲ್ಲಗೆ.

“ಯಾರೂ ಅಂದ್ರೆ?”

ಅವಳು ಬ್ಯಾಂಡೇಜಿನ ದಾರ ಕೀಳತೊಡಗಿದಳು. ಅವತ್ತೂ ಒಂದು ಗೋಲಿನಿಂದ ಸೋತರು.

ಸೋಮವಾರದ ಪ್ರಾಕ್ಟೀಸಿಗೆ ಚೇತನಾ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. “ಆಟ ಬೇಡ ಅಂತ ಹೇಳಿ ಹೋದ್ಲು,” ಎಂದರು ರುದ್ರಮುನಿ ಸಾರ್. “ಯಾಕೆ ಅಂತ ಕೇಳಿದ್ರೆ ಬಾಯೇ ಬಿಡಲಿಲ್ಲ. ನಿಮಗೇನಾದ್ರೂ ಗೊತ್ತಾ?”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಸ್ಮೃತಿ ನೆಲ ನೋಡಿದಳು.

ಮಾರನೆಯ ದಿನ ಊಟದ ಬೆಲ್ ಹೊಡೆದ ಮೇಲೆ ಅವಳು ಕುಂಟುತ್ತ ಕೆಳಗಿನ ಮಹಡಿಗೆ ಇಳಿದಳು. ಐದನೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಚೇತನಾ ಒಬ್ಬಳೇ ಕುಳಿತು ರೊಟ್ಟಿ ಮುರಿಯುತ್ತಿದ್ದಳು. ಸ್ಮೃತಿಯನ್ನು ಕಂಡ ಕೂಡಲೇ ಡಬ್ಬಿಯ ಮುಚ್ಚಳ ಹಾಕಿದಳು.

“ತಿನ್ನೇ, ತಿನ್ನು,” ಎಂದಳು ಸ್ಮೃತಿ. “ಪ್ರಾಕ್ಟೀಸಿಗೆ ಯಾಕೆ ಬರ್ತಿಲ್ಲ?”

“ನಾ ಇನ್ನ ಬರಂಗಿಲ್ರಿ.”

‘ಅಕ್ಕಾ’ ಎನ್ನಲಿಲ್ಲ ಅವಳು. ಸ್ಮೃತಿಗೆ ಅದು ತಟ್ಟನೆ ಗೊತ್ತಾಯಿತು.

“ನೋಡು, ನಾನು ಹೊರಗೆ ಕೂತು ನೋಡ್ದೆ. ನಿನ್ನ ಪಾಸ್ ಸರಿಯಾಗೇ ಇತ್ತು. ನಾವೇ ಓಡ್ತಿರ್ಲಿಲ್ಲ. ಅವತ್ತು ಉಲ್ಲಾಳದಲ್ಲೂ ಅಷ್ಟೇ, ನಾನು ಓಡ್ಬೇಕಿತ್ತು.” ಅವಳು ಉಸಿರು ತೆಗೆದುಕೊಂಡಳು. “ನಾನು ಹಾಗೆ ಹೇಳ್ಬಾರ್ದಿತ್ತು. ಊರಿನ್ ವಿಷಯ.”

ಚೇತನಾ ಡಬ್ಬಿಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಮುಖವೆತ್ತಿ ನೇರವಾಗಿ ನೋಡಿದಳು.

“ಅವತ್ತ ಎಲ್ಲಾರ ಮುಂದ ಅಂದ್ರಿ. ಈಗ ನನ್ನ ಒಬ್ಬಾಕಿ ಮುಂದ ಹೇಳ್ತೀರಿ.”

ಕಾರಿಡಾರಿನಲ್ಲಿ ಮಕ್ಕಳು ಗದ್ದಲ ಮಾಡುತ್ತ ಓಡುತ್ತಿದ್ದರು. ಸ್ಮೃತಿ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಹೋದಳು. ಆ ಮಧ್ಯಾಹ್ನ ಡಬ್ಬಿಯಲ್ಲಿದ್ದ ಚಿತ್ರಾನ್ನ ಹಾಗೇ ಉಳಿಯಿತು.

ಶುಕ್ರವಾರ ಸಂಜೆ ಎಲ್ಲರೂ ಮೈದಾನದಲ್ಲಿ ಸುತ್ತು ನಿಂತಿದ್ದಾಗ ಚೇತನಾ ಬಂದಳು. ಆಡಲು ಬಂದಿರಲಿಲ್ಲ. ಯೂನಿಫಾರ್ಮಿನಲ್ಲೇ ಇದ್ದಳು. ಒಗೆದು ಮಡಿಸಿದ ಜೆರ್ಸಿ ಅವಳ ಕೈಯಲ್ಲಿತ್ತು.

“ಸರ, ಇದನ್ನ ಕೊಡಾಕ ಬಂದಿದ್ದೆ.”

ರುದ್ರಮುನಿ ಸಾರ್ ಕೈ ಚಾಚಲಿಲ್ಲ. ಚೇತನಾಳ ಚಾಚಿದ ಕೈಯಲ್ಲಿ ಜೆರ್ಸಿ ಹಾಗೇ ಉಳಿಯಿತು.

ಈಗ ಹೇಳದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ ಎನಿಸಿತು ಸ್ಮೃತಿಗೆ.

“ಸಾರ್,” ಎಂದಳು. ಧ್ವನಿ ಸಣ್ಣಗೆ ಬಂತು. ಮತ್ತೊಮ್ಮೆ ಜೋರಾಗಿ, “ಸಾರ್, ಇವಳು ಬಿಡ್ತಿರೋದು ನನ್ನಿಂದ. ಮ್ಯಾಚ್ ಸೋತಾಗ ಎಲ್ಲರ ಮುಂದೆ ಇವಳಿಗೆ ಬೈದೆ. ಊರಲ್ಲೇ ಇರ್ಬೇಕಿತ್ತು ಅಂದೆ. ಗೋಲ್ ಬರ್ದೇ ಇರೋಕೆ ಇವಳು ಕಾರಣ ಅಲ್ಲ. ನಾನು ನಿಂತಲ್ಲೇ ನಿಂತಿರ್ತೀನಿ. ಶರಣ್ಯಾ ಅಕ್ಕ ಕಾಲಿಗೇ ತಂದು ಕೊಡ್ತಿದ್ರು, ಅದೇ ಅಭ್ಯಾಸ ಆಗ್ಬಿಟ್ಟಿದೆ.”

ಇಂಚರಾ ಬಾಯಿಗೆ ಕೈ ಅಡ್ಡ ಹಿಡಿದು ಪಕ್ಕದವಳಿಗೆ ಏನೋ ಪಿಸುಗುಟ್ಟಿದಳು. ಸ್ಮೃತಿಯ ಕಿವಿ ಬಿಸಿಯಾಯಿತು. ಸಾರ್ ಅವಳನ್ನು ತುಂಬಾ ಹೊತ್ತು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಬೈಯಲಿಲ್ಲ.

“ನಾಳೆ ಕಡೇ ಮ್ಯಾಚು,” ಎಂದರು ಚೇತನಾಳ ಕಡೆ ತಿರುಗಿ. “ಅದೊಂದು ಆಡಿ ಆಮೇಲೆ ಕೊಡ್ತೀಯಾ? ಬಲವಂತ ಇಲ್ಲ ಪುಟ್ಟಾ.”

ಚೇತನಾ ಜೆರ್ಸಿಯನ್ನು ಎದೆಗೆ ಒತ್ತಿಕೊಂಡು ನಿಂತಳು.

ಮಾರನೆಯ ದಿನ ಕೆಂಗೇರಿಯ ಮೈದಾನಕ್ಕೆ ಅವಳು ಬಂದಿದ್ದಳು.

ಎದುರಿನವರು ಜೋರಾಗಿದ್ದರು. ಸ್ಮೃತಿಯ ಕಾಲಿನ ಊತ ಇಳಿದಿದ್ದರೂ ಓಡುವಾಗ ಚುಳ್ ಎನ್ನುತ್ತಿತ್ತು. ಎರಡನೇ ಹಾಫಿನಲ್ಲಿ ಅವಳನ್ನು ಮೈದಾನಕ್ಕೆ ಇಳಿಸಿದಾಗ ಆಗಲೇ ಎರಡು ಗೋಲು ಬಿದ್ದಿದ್ದವು.

ಚೇತನಾಳಿಗೆ ಚೆಂಡು ಸಿಕ್ಕಿತು. ಸ್ಮೃತಿಯ ಕೈ ತಾನಾಗಿಯೇ ಮೇಲೆ ಹೋಗತೊಡಗಿತು. ಅವಳು ಅದನ್ನು ಕೆಳಗೆಳೆದುಕೊಂಡು ಬಲಗಡೆಯ ಬಯಲಿಗೆ ಓಡಿದಳು. ಅಲ್ಲಿ ಏನೂ ಇರಲಿಲ್ಲ. ಕೆಮ್ಮಣ್ಣು, ಅಲ್ಲೊಂದು ಇಲ್ಲೊಂದು ಹುಲ್ಲು. ಓಡುತ್ತ ಓಡುತ್ತ ಅವಳಿಗೆ ಹೆದರಿಕೆಯಾಯಿತು. ಚೆಂಡು ಬಾರದಿದ್ದರೆ? ಚೇತನಾ ಕೊಡದೇ ಇದ್ದರೆ? ಕೊಡಬೇಕೆಂದು ಅವಳಿಗೇನಿದೆ?

ಚೆಂಡು ಬಂತು. ಅವಳ ಮುಂದಿನ ಜಾಗಕ್ಕೆ, ಸ್ವಲ್ಪವೇ ಉದ್ದವಾಗಿ. ಸ್ಮೃತಿ ಕಾಲು ಚಾಚಿದಳು. ಶೂವಿನ ತುದಿಯಷ್ಟೇ ತಾಗಿತು. ಗೋಲ್‌ಕೀಪರ್ ಬಗ್ಗಿ ಚೆಂಡನ್ನು ಎತ್ತಿಕೊಂಡಳು.

ಸ್ಮೃತಿ ತಿರುಗಿ ನೋಡಿದಳು. ಚೇತನಾ ಅವಳ ಮುಖವನ್ನೇ ನೋಡುತ್ತಿದ್ದಳು. ಬೈಗುಳಕ್ಕೆ ಕಾಯುತ್ತಿದ್ದಾಳೆ ಎಂದು ಸ್ಮೃತಿಗೆ ಅರ್ಥವಾಯಿತು. ಇಷ್ಟು ದಿನವೂ ಹೀಗೇ ಕಾದಿರಬೇಕು.

“ನಾನೇ ಲೇಟಾದೆ,” ಎಂದು ಕೂಗಿದಳು. “ಇನ್ನೊಂದ್ ಸಲ.”

ಇನ್ನೂ ಒಂದು ಸಲ ಚೆಂಡು ಬಂತು. ಈ ಸಲ ಸ್ಮೃತಿ ಒದೆಯುವುದಕ್ಕೂ ಆಯಿತು. ಚೆಂಡು ಕಂಬಕ್ಕೆ ಬಡಿದು ಆಚೆಗೆ ಹಾರಿತು. ಅಷ್ಟೇ. ರೆಫರಿ ಸೀಟಿ ಊದಿದರು. ಗೋಲೊಂದೂ ಇಲ್ಲದೆ ಅವರ ವರ್ಷ ಮುಗಿಯಿತು.

ವಾಪಸು ಬರುವಾಗ ಬಸ್ಸು ಅರ್ಧ ಖಾಲಿಯಿತ್ತು. “ಸ್ಮೃತಿ, ಇಲ್ಲಿ ಬಾರೇ, ಜಾಗ ಹಿಡಿದಿದೀನಿ,” ಎಂದು ಇಂಚರಾ ಮುಂದಿನಿಂದ ಕರೆದಳು. ಸ್ಮೃತಿ ಹಿಂದೆ ಹೋದಳು. ಚೇತನಾ ಕಿಟಕಿಯ ಬಳಿ ಕುಳಿತಿದ್ದಳು. ಪಕ್ಕದ ಸೀಟಿನಲ್ಲಿ ಅವಳ ಬ್ಯಾಗಿತ್ತು. ಸ್ಮೃತಿ ಏನೂ ಕೇಳದೆ ಕಂಬಿ ಹಿಡಿದು ನಿಂತಳು.

ಬಸ್ಸು ಒಂದೆರಡು ಸ್ಟಾಪು ದಾಟಿತು. ಚೇತನಾ ಇತ್ತ ತಿರುಗದೆಯೇ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಸ್ಮೃತಿ ಕುಳಿತಳು. ಮುಂದಿನ ವರ್ಷ ಆಡ್ತೀಯಾ ಎಂದು ಕೇಳಬೇಕೆನಿಸಿತು. ನನ್ನ ಮೇಲೆ ಇನ್ನೂ ಸಿಟ್ಟಿದೆಯಾ ಎಂದೂ ಕೇಳಬೇಕೆನಿಸಿತು. ಬಾಯಿ ತೆರೆದು ಪಕ್ಕಕ್ಕೆ ನೋಡಿದಳು. ಚೇತನಾ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬಂದಿರಲಿಲ್ಲ. ಮುಚ್ಚಿದ ರೆಪ್ಪೆಗಳು ಸಣ್ಣಗೆ ಅದುರುತ್ತಿದ್ದವು.

ಸ್ಮೃತಿ ಬಾಯಿ ಮುಚ್ಚಿದಳು. ಹೇರೋಹಳ್ಳಿ ಬರುವವರೆಗೂ ಏನೂ ಕೇಳದೆ ಅವಳ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದಳು.