ತೊಂಬತ್ನಾಲ್ಕು ಸೆಕೆಂಡು

"ಕದಲಿದ್ರೆ ಕೈ ಹೋಗುತ್ತೆ ಮೇಡಂ!"

ಕದಲಲಿಲ್ಲ. ಕದಲುವಷ್ಟು ದಡ್ಡಿ ನಾನಲ್ಲ!

ನನ್ನ ಮೊಣಕಾಲಿನಿಂದ ಒಂದೇ ಅಡಿ ದೂರದಲ್ಲಿ ಮೂವತ್ತೈದು ಕಿಲೋ ತೂಕದ ಪೊಲೀಸ್ ನಾಯಿ. ಹೆಸರು ಕೆಂಚ. ಕತ್ತಿನಲ್ಲಿ ಹಗ್ಗವಿಲ್ಲ. ಬೊಗಳುತ್ತಿದ್ದ... ಜೊಲ್ಲು ನನ್ನ ಪ್ಯಾಂಟಿಗೆ ಸಿಡಿಯುತ್ತಿತ್ತು.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಕೆಂಚನನ್ನು ನೋಡಿರಲಿಲ್ಲ. ಕೆಂಚ ನಿಂತವರಿಗೆ ಬೊಗಳುತ್ತಾನೆ, ಓಡಿದವರನ್ನು ಕಚ್ಚುತ್ತಾನೆ. ಒಡೆಯನ ಬಾಯಿಂದ ಒಂದು ಮಾತು ಬಂತೋ, ನಿಂತವರೂ ಒಂದೇ, ಓಡಿದವರೂ ಒಂದೇ.

ಒಡೆಯ ಹತ್ತು ಹೆಜ್ಜೆ ಆಚೆ ಗೋಡೆಗೆ ಒರಗಿ ನಿಂತಿದ್ದ. ನಾಯಿದಳದಲ್ಲಿ ಎಲ್ಲರೂ ಅವನನ್ನು 'ಹಗ್ಗ' ಎನ್ನುತ್ತಾರೆ. ಯಾವಾಗ ನೋಡಿದರೂ ನಾಯಿಯ ಹಗ್ಗ ಅವನ ಹೆಗಲ ಮೇಲೇ ಇರುತ್ತದೆ.

"ಶರ್ಟ್ ಒಳಗೆ ಇಟ್ಕೊಂಡಿದ್ದೀರಲ್ಲ, ಅದನ್ನ ಕೆಳಗೆ ಹಾಕಿ."

"ಹಾಕಲ್ಲ."

"ಬಿಸ್ಕತ್ ಮೇಡಂ... ನಿಮ್ಮ ಮೇಲೆ ನಂಗೆ ಗೌರವ ಇದೆ. ಕೆಂಚನಿಗಿಲ್ಲ!"

ಬಿಸ್ಕತ್ ಮೇಡಂ ಎಂದರೆ ನಾನೇ. ಹನ್ನೊಂದು ವರ್ಷ ಇದೇ ದಳದಲ್ಲಿ ನಾಯಿ ಪಳಗಿಸಿದವಳು. ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಂಡು ಓಡಾಡುತ್ತಿದ್ದೆ, ಹೆಸರು ಅಂಟಿಕೊಂಡಿತು. ಈಗ ಪೊಲೀಸರ ಮೇಲಿನ ದೂರು ವಿಚಾರಿಸುವ ಸಮಿತಿಯಲ್ಲಿ ತನಿಖೆ ನನ್ನ ಕೆಲಸ. ಅಂದರೆ ಹಳೇ ಸ್ನೇಹಿತರಿಗೆಲ್ಲ ನಾನೀಗ ಹುಳ ಬಿದ್ದ ಹಣ್ಣು.

ಶರ್ಟಿನೊಳಗೆ ಇದ್ದದ್ದು ಕೆಂಚನ ಡೈರಿ.

ನಗಬೇಡಿ! ದಳದ ಪ್ರತಿ ನಾಯಿಗೂ ಒಂದು ಡೈರಿ ಇರುತ್ತದೆ. ಏನು ತಿಂತು, ಎಷ್ಟು ಓಡಿತು, ಯಾರನ್ನು ಹಿಡಿಯಿತು, ಎಷ್ಟು ಹೊತ್ತು ಹಿಡಿಯಿತು, ಹೇಳಿದ ಎಷ್ಟನೇ ಸಲಕ್ಕೆ ಬಿಟ್ಟಿತು... ಎಲ್ಲವನ್ನೂ ಅದೇ ದಿನ ಬರೆಯಬೇಕು. ಅದನ್ನು ನೋಡಿಯೇ ಮಾರನೇ ದಿನದ ತರಬೇತಿ. ಅದರಲ್ಲಿ ಸುಳ್ಳು ಬರೆದರೆ ನಾಯಿ ಕೆಡುತ್ತದೆ. ಕೋರ್ಟಿಗೆ ಸುಳ್ಳು ಹೇಳುವ ಪೊಲೀಸರನ್ನು ಎಷ್ಟು ಬೇಕಾದರೂ ತೋರಿಸುತ್ತೇನೆ. ನಾಯಿ ಡೈರಿಯಲ್ಲಿ ಸುಳ್ಳು ಬರೆದವನನ್ನು ನಾನು ಕಂಡಿಲ್ಲ.

ಹೊಸಬರಿಗೆ ಈ ಪಾಠ ಹೇಳಿಕೊಡುತ್ತಿದ್ದವಳು ನಾನು. ಹಗ್ಗ ನನ್ನ ಶಿಷ್ಯ.

ಡೈರಿ ಕೊಡಿ ಎಂದು ಮೂರು ಸಲ ಪತ್ರ ಬರೆದಿದ್ದೆ. 'ಕಳೆದುಹೋಗಿದೆ' ಎಂಬ ಉತ್ತರ ಬಂತು. ನಾಯಿಗಳಿಗೆ ಮಾಂಸ ಬೇಯಿಸುವ ಅಡುಗೆಯಕ್ಕ ಬೆಳಿಗ್ಗೆ ಫೋನ್ ಮಾಡಿ, "ಕಳೆದೂ ಇಲ್ಲ, ಗಿಳೆದೂ ಇಲ್ಲ, ಗೂಡಿನ ಹಿಂದೆ ಮೊಳೆಗೇ ನೇತಾಡ್ತಿದೆ" ಎಂದಳು. ಊಟದ ಹೊತ್ತು ನೋಡಿ ನುಗ್ಗಿದೆ. ಫೋಟೋ ತೆಗೆದುಕೊಂಡು ಬರಬಹುದಿತ್ತಲ್ಲ ಅಂತೀರಾ? ನನ್ನ ಫೋನನ್ನು ಗೇಟಿನಲ್ಲೇ ಕಿತ್ತಿಟ್ಟುಕೊಂಡಿದ್ದರು!

ಈಗ ವಿಷಯಕ್ಕೆ ಬರುತ್ತೇನೆ.

ಎರಡು ತಿಂಗಳ ಹಿಂದೆ ಕೆಂಚ ಒಬ್ಬ ಇಸ್ತ್ರಿಯವನ ಬಲಗೈ ಹಿಡಿದಿದ್ದ. ಮೂಳೆ ಪುಡಿ. ಕೀವು ತುಂಬಿ ಮೊಣಕೈ ತನಕ ಕತ್ತರಿಸಿದರು. ದಳದ ಸಾಹೇಬರ ರಿಪೋರ್ಟ್ ಹೀಗಿತ್ತು: ಕಳ್ಳನನ್ನು ಅಟ್ಟಿಸಿಕೊಂಡು ಹೋದೆವು, ಇಸ್ತ್ರಿಯವನು ಬಿಸಿ ಪೆಟ್ಟಿಗೆ ಎತ್ತಿ ಅಡ್ಡ ಬಂದ, ನಾಯಿ ಹಿಡಿಯಿತು, 'ಬಿಡು' ಎಂದು ಮೂರು ಸಲ ಹೇಳಿದರೂ ಬಿಡಲಿಲ್ಲ, ನಾಯಿಗೆ ತಲೆ ಕೆಟ್ಟಿದೆ.

ಇಸ್ತ್ರಿಯವನ ಮೇಲೆ ಪೊಲೀಸರ ಮೇಲೆ ಹಲ್ಲೆ ಮಾಡಿದ ಕೇಸು. ಸಾಬೀತಾದರೆ ಐದು ವರ್ಷ ಜೈಲು. ನಾಯಿಗೆ ಸಾವಿನ ಸೂಜಿ, ಇವತ್ತು ಮಧ್ಯಾಹ್ನ ಮೂರಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನಾಯಿ ಸತ್ತರೆ ಅದು ಮಾತು ಕೇಳುತ್ತಿತ್ತೋ ಇಲ್ಲವೋ ಎಂದು ಪರೀಕ್ಷೆ ಮಾಡುವವರು ಯಾರು?

ಇಸ್ತ್ರಿಯವನು ಆಸ್ಪತ್ರೆಯಲ್ಲಿ ನನಗೆ ಹೇಳಿದ್ದು ಬೇರೆ.

"ಕಳ್ಳನೂ ಇಲ್ಲ, ಗಿಳ್ಳನೂ ಇಲ್ಲ ಮೇಡಂ. ಪರೇಡ್ ಹಿಂದಿನ ದಿನ ಸಾಹೇಬರ ಯೂನಿಫಾರಂ ಕಾಲರ್ ಸುಟ್ಬಿಟ್ಟೆ. ಕರೆಂಟ್ ಹೋಗಿ ಬಂತು, ಪೆಟ್ಟಿಗೆ ಕಾದುಹೋಗಿತ್ತು. ತಪ್ಪಾಯ್ತು ಅಂತ ಕೈ ಮುಗಿದೆ..."

ಮುಗಿದ ಕೈ ಅದೇ.

ಒಂದು ಕಾಲರಿಗೆ ಒಂದು ಕೈ. ಅವತ್ತು ನಾನು ಆಸ್ಪತ್ರೆಯ ನಲ್ಲಿಯಲ್ಲಿ ಮೂರು ಸಲ ಬಾಯಿ ತೊಳೆದುಕೊಂಡೆ. ಅಸಹ್ಯ ಹೋಗಲಿಲ್ಲ.

ಇರಲಿ. ಅಂಗಳದಲ್ಲಿ ಕೆಂಚ ಬೊಗಳುತ್ತಲೇ ಇದ್ದ. ನನ್ನ ಕಾಲು ಮರಗಟ್ಟುತ್ತಿತ್ತು.

"ಕೊನೇ ಸಲ ಹೇಳ್ತಿದ್ದೀನಿ. ಹಾಕಿ ಕೆಳಗೆ!"

"ಹಿಡಿ ಅನ್ನು. ಧೈರ್ಯ ಇದ್ರೆ ಅನ್ನು!"

ಹಗ್ಗ ಬಾಯಿ ತೆರೆದ...

ಗೇಟು ಕಿರ್ರೆಂದಿತು!

ಪಶುವೈದ್ಯ ಚೀಲ ಹಿಡಿದು ಒಳಗೆ ಬಂದ. ಅಂಗಳ ನೋಡಿದವನೇ ಅಲ್ಲೇ ಕಂಬವಾದ. ಗೇಟಿನ ಸದ್ದಿಗೆ ಕೆಂಚ ಅವನತ್ತಲೂ ಕಣ್ಣು ಹೊರಳಿಸಿದ.

"ಅಯ್ಯೋ... ವಾಪಸ್ ಕರ್ಕೋ ಅದನ್ನ! ಕರಿ!"

"ಕೆಂಚ, ಬಿಡು! ಬಾ!"

ಒಂದೇ ಸಲ. ಕೆಂಚ ಗಕ್ಕನೆ ಬಾಯಿ ಮುಚ್ಚಿದ, ತಿರುಗಿದ, ಓಡಿಹೋಗಿ ಹಗ್ಗನ ಎಡಗಾಲಿಗೆ ಒತ್ತಿ ಕುಳಿತ. ಹಗ್ಗನ ಕೈ ತಾನಾಗಿಯೇ ಜೇಬಿಗೆ ಹೋಗಿ ಕೆಂಪು ಚೆಂಡು ತೆಗೆಯಿತು. ಒಳ್ಳೆ ಕೆಲಸಕ್ಕೆ ಬಹುಮಾನ. ಅಭ್ಯಾಸಬಲ!

"ನೋಡಿದ್ರಾ ಡಾಕ್ಟ್ರೇ? ಮಾತು ಕೇಳದ ನಾಯಿ ಎಷ್ಟು ಚೆನ್ನಾಗಿ ಮಾತು ಕೇಳ್ತು!"

ವೈದ್ಯ ನೆಲ ನೋಡಿದ. "ನಾನು ಸರ್ಟಿಫಿಕೇಟ್ ನಿನ್ನೇನೇ ಬರೆದುಬಿಟ್ಟಿದ್ದೀನಿ ಮೇಡಂ. 'ಆಜ್ಞೆ ಪಾಲಿಸುವುದಿಲ್ಲ' ಅಂತ. ಸಾಹೇಬ್ರು ಈಗ ಫೋನ್ ಮಾಡಿ, ಮೂರರವರೆಗೆ ಕಾಯಬೇಡ, ಈಗ್ಲೇ ಮುಗಿಸು ಅಂದ್ರು."

"ಸರ್ಟಿಫಿಕೇಟಲ್ಲಿ ಪರೀಕ್ಷೆ ಮಾಡಿದ ಟೈಮ್ ಎಷ್ಟು ಅಂತ ಇದೆ?"

"ಇವತ್ತು ಮೂರು."

"ಈಗ ಒಂದೂವರೆ. ಒಂದೂವರೆಗೆ ಸತ್ತ ನಾಯಿಯನ್ನ ಮೂರಕ್ಕೆ ಪರೀಕ್ಷೆ ಮಾಡಿದ್ರಾ ಅಂತ ನಾನೇ ಕೇಳ್ತೀನಿ. ಉತ್ತರ ರೆಡಿ ಮಾಡ್ಕೊಳ್ಳಿ!"

ವೈದ್ಯ ಗಡಿಯಾರ ನೋಡಿಕೊಂಡ. ಬೆವರಿದ. ಚೀಲ ಕೆಳಗಿಟ್ಟು ಕಲ್ಲುಬೆಂಚಿನ ಮೇಲೆ ಕುಳಿತ. "ಮೂರಕ್ಕೇ ಮಾಡ್ತೀನಿ" ಎಂದ.

ಆ ಮನುಷ್ಯನ ಮನಸ್ಸಾಕ್ಷಿ ಎಲ್ಲಿತ್ತೋ ಗೊತ್ತಿಲ್ಲ. ಕಾಗದದ ಭಯವಂತೂ ಜಾಗದಲ್ಲೇ ಇತ್ತು. ಅಷ್ಟು ಸಾಕು.

ವೈದ್ಯನ ಎದುರಿಗೆ ಹಗ್ಗ ಏನೂ ಮಾಡುವಂತಿರಲಿಲ್ಲ. ನಾನು ಗೇಟಿಗೆ ಓಡಿದೆ. ಫೋನ್ ಕಸಿದುಕೊಂಡೆ, ಸ್ಕೂಟರ್ ಒದ್ದೆ. ಇಸ್ತ್ರಿಯವನ ದೂರಿನ ವಿಚಾರಣೆ ನಮ್ಮ ಸಮಿತಿಯ ಮುಂದೆ ಎರಡಕ್ಕೆ!

ಎರಡನೇ ತಿರುವಿನಲ್ಲಿ ಕನ್ನಡಿಯಲ್ಲಿ ಜೀಪ್ ಕಂಡಿತು. ಹಗ್ಗ, ಪಕ್ಕದಲ್ಲಿ ಡ್ರೈವರ್.

ಫೋನ್ ಬಡಿದುಕೊಂಡಿತು. ಹೆಲ್ಮೆಟ್ಟಿನ ಸಂದಿಗೆ ಸಿಕ್ಕಿಸಿಕೊಂಡೆ. ಸಾಹೇಬರ ಜೇನಿನಂಥ ದನಿ.

"ಏನಮ್ಮಾ ತಂಗಿ... ಸ್ಕೂಟರ್ ಮೆಲ್ಲಗೆ ಓಡಿಸು. ಬಿದ್ದುಗಿದ್ದೀಯ."

"ಬಿದ್ರೆ ಡೈರಿ ಮೇಲೇ ಬೀಳ್ತೀನಿ ಅಣ್ಣ. ಮೆತ್ತಗಿದೆ!"

ಜೀಪಿನ ಬಂಪರ್ ನನ್ನ ಹಿಂದಿನ ಚಕ್ರಕ್ಕೆ ತಾಕಿತು. ಸ್ಕೂಟರ್ ಓಲಾಡಿತು... ಹೇಗೋ ಹಿಡಿದೆ. ಎಡಕ್ಕೆ ಹೊರಳಿ ಬಟ್ಟೆ ಒಗೆಯುವವರ ಓಣಿಗೆ ನುಗ್ಗಿದೆ.

ಇಸ್ತ್ರಿಯವನ ಓಣಿ ಅದು. ಎರಡೂ ಕಡೆ ತಂತಿಗಳ ತುಂಬ ಒದ್ದೆ ಬೆಡ್‌ಶೀಟುಗಳು. ಅವನ ಹೆಂಡತಿ ತೊಟ್ಟಿಯ ಹತ್ತಿರ ನಿಂತಿದ್ದಳು. ನನ್ನನ್ನು ನೋಡಿದಳು. ನನ್ನ ಹಿಂದಿನ ಜೀಪನ್ನೂ ನೋಡಿದಳು. ತಂತಿಯ ಗಂಟು ಎಳೆದಳು!

ಹತ್ತು ಬೆಡ್‌ಶೀಟು ಜೀಪಿನ ಗಾಜಿನ ಮೇಲೆ ಪಟಪಟನೆ ಅಂಟಿಕೊಂಡವು. ಬ್ರೇಕಿನ ಕಿರುಚಾಟ. ಆಮೇಲೆ ತೊಟ್ಟಿಗೆ ಡಿಕ್ಕಿ ಹೊಡೆದ ಸದ್ದು. ಹಿಂದಿನಿಂದ ಅವಳ ದನಿ ಕೇಳಿತು.

"ಅಯ್ಯೋ, ತಪ್ಪಾಯ್ತು ಸ್ವಾಮಿ! ಕೈ ಜಾರ್ತು!"

ವಿಚಾರಣೆಯ ಕೋಣೆಗೆ ನಾನು ನುಗ್ಗಿದಾಗ ಎರಡೂ ಇಪ್ಪತ್ತು. ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಕನ್ನಡಕದ ಮೇಲಿಂದ ನೋಡುವ ಹೆಂಗಸು. ಎಡಕ್ಕೆ ಸಾಹೇಬರು, ಹೊಳೆಯುವ ಬೂಟು, ಹೊಸ ಕಾಲರ್. ಬಲಕ್ಕೆ ಇಸ್ತ್ರಿಯವನು. ಅವನ ಖಾಲಿ ತೋಳನ್ನು ಹೆಂಡತಿ ಇಸ್ತ್ರಿ ಮಾಡಿ, ಮಡಿಸಿ, ಪಿನ್ನು ಹಾಕಿದ್ದಳು.

ಡೈರಿ ತೆರೆದು ಓದಿದೆ.

"ಸ್ಥಳ, ಇಸ್ತ್ರಿ ಅಂಗಡಿ. ಹಿಡಿತ, ಬಲ ಮುಂಗೈ, ಪೂರ್ತಿ ಬಾಯಿ. ಸಮಯ, ತೊಂಬತ್ನಾಲ್ಕು ಸೆಕೆಂಡು. ಬಿಡು ಆಜ್ಞೆ, ಒಂದೇ ಸಲ, ತಕ್ಷಣ ಬಿಟ್ಟ. ಬಹುಮಾನ, ಚೆಂಡು, ಐದು ನಿಮಿಷ. ಷರಾ, ಕೆಲಸ ಬಹಳ ಚೆನ್ನಾಗಿದೆ."

ಡೈರಿಯನ್ನು ಅಧ್ಯಕ್ಷೆಯ ಮೇಜಿನ ಮೇಲಿಟ್ಟೆ.

"ಸ್ಟಾಪ್‌ವಾಚ್ ಹಿಡಿದು ಅಳೆದಿದ್ದಾರೆ ಮೇಡಂ" ಎಂದೆ. "ಮನುಷ್ಯ ಕಿರುಚ್ತಾ ಇದ್ದ, ಇವರು ಸೆಕೆಂಡು ಎಣಿಸ್ತಾ ಇದ್ರು. ಮುಗಿದ ಮೇಲೆ ಅವನ ರಕ್ತದ ಪಕ್ಕದಲ್ಲೇ ಐದು ನಿಮಿಷ ಚೆಂಡಾಟ."

ಸಾಹೇಬರು ನಕ್ಕರು. ನಿಜ, ನಕ್ಕರು!

"ಇದು ನಾಯಿ ಊಟದ ಪುಸ್ತಕ ಮೇಡಂ. ಸುಮ್ನೆ ಗೀಚಿರ್ತಾರೆ. ನಮ್ಮ ಹುಡುಗ ಸೋಮಾರಿ, ದಿನಾ ಒಂದೇ ಸಾಲು ಕಾಪಿ ಹೊಡೀತಾನೆ. ನಾಯಿ ಹಿಡಿತ ತಪ್ಪಿದ್ದೂ ಅವನ ಅಡ್ಡಾದಿಡ್ಡಿ ತರಬೇತಿಯಿಂದ್ಲೇ."

ಬಾಗಿಲಲ್ಲಿ ಹಗ್ಗ ನಿಂತಿದ್ದ. ತಲೆಯಿಂದ ಕಾಲವರೆಗೆ ಸೋಪಿನ ನೀರು.

"ಏನಂದ್ರಿ ಸಾರ್?"

"ನೀನು ಆಚೆ ಇರು."

"ನಾನು ಕಾಪಿ ಹೊಡೀತೀನಾ? ಆರು ವರ್ಷ ಸಾರ್! ಒಂದಕ್ಷರ ಸುಳ್ಳು ಬರೆದಿಲ್ಲ ಅದರಲ್ಲಿ! ನನ್ನ ಕೆಂಚ ಒಂದೇ ಮಾತಿಗೆ ಬಿಟ್ಟ! ನೀವು ಬಿಡಿಸು ಅಂದಿದ್ರೆ ಮೂರೇ ಸೆಕೆಂಡಿಗೆ ಬಿಡಿಸ್ತಿದ್ದೆ. ನೀವೇ ಕಾಲರ್ ಮುಟ್ಟಿ ನೋಡ್ಕೊಳ್ತಾ, 'ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ' ಅಂದ್ರಿ... ನಾನು ಕಾದೆ. ತರಬೇತಿ ಸರಿಯಿಲ್ಲ ಅಂತೆ!"

ಹೇಳಿದ ಮೇಲೆ ಅವನಿಗೆ ತಾನೇನು ಹೇಳಿದೆ ಎಂಬುದು ಹೊಳೆಯಿತು. ಬಾಯಿ ಮುಚ್ಚಿಕೊಂಡ. ತಡವಾಗಿತ್ತು.

ಅವನಿಂದ ಒಬ್ಬ ಮನುಷ್ಯನ ಕೈ ಹೋಯಿತು, ಆದರೂ ಅವನು ಎರಡು ತಿಂಗಳು ಹಾಯಾಗಿ ಊಟ ಮಾಡಿದ. ನಾಯಿ ಸರಿಯಾಗಿ ಕಲಿತಿಲ್ಲ ಎಂದಾಗ ಕಣ್ಣಲ್ಲಿ ನೀರು ಬಂತು! ನನ್ನ ಶಿಷ್ಯ ನೋಡಿ. ನಾನು ಕಲಿಸಿದ್ದನ್ನೆಲ್ಲ ಚೆನ್ನಾಗಿಯೇ ಕಲಿತಿದ್ದ. ಏನನ್ನು ಕಲಿಸಲಿಲ್ಲ ಎಂದು ಆ ಕ್ಷಣ ಯೋಚಿಸಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅಧ್ಯಕ್ಷೆ ಕನ್ನಡಕ ತೆಗೆದಿಟ್ಟರು. "ನಾಯಿ ಎಲ್ಲಿದೆ?"

ಗಡಿಯಾರ ನೋಡಿದೆ. ಮೂರಕ್ಕೆ ಐದು ನಿಮಿಷ! ಅಡುಗೆಯಕ್ಕನಿಗೆ ಫೋನ್ ಒತ್ತಿದೆ.

"ಅಕ್ಕಾ, ಡಾಕ್ಟ್ರು ಏನ್ಮಾಡ್ತಿದ್ದಾರೆ?"

"ಸಿರಿಂಜು ತುಂಬ್ಕೊಂಡು ವಾಚ್ ನೋಡ್ತಾ ಕೂತವ್ರೆ ಕಣವ್ವ. ಮೂರಾಗ್ಲಿ ಅಂತಾರೆ. ಕೆಂಚ ಅವರ ಕೈಗೇ ಚೆಂಡು ತಂದು ತಂದು ಕೊಡ್ತಾವ್ನೆ..."

ಅಧ್ಯಕ್ಷೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಗುಡುಗಿದರು. ಸಿರಿಂಜು ಚೀಲಕ್ಕೆ ವಾಪಸ್ ಹೋಯಿತು.

ಇದಾಗಿ ನಾಲ್ಕು ತಿಂಗಳು.

ಇಸ್ತ್ರಿಯವನ ಮೇಲಿನ ಕೇಸು ಬಿತ್ತು. ಈಗ ಎಡಗೈಯಲ್ಲಿ ಇಸ್ತ್ರಿ ಮಾಡುತ್ತಾನೆ. ಕಾಲರ್ ಸ್ವಲ್ಪ ಸೊಟ್ಟಗೆ ಬರುತ್ತದೆ, ಓಣಿಯಲ್ಲಿ ಯಾರೂ ಕೇಳುವುದಿಲ್ಲ. ಹಗ್ಗನಿಗೆ ಕೆಲಸ ಹೋಯಿತು. ಸಾಹೇಬರಿಗೆ ವರ್ಗ. ಎಲ್ಲಿಗೆ ಅಂತೀರಾ? ತರಬೇತಿ ಶಾಲೆಗೆ. ಹೊಸ ಪೊಲೀಸರಿಗೆ ಶಿಸ್ತಿನ ಪಾಠ ಹೇಳುತ್ತಾರಂತೆ! ಕೆಂಚ ನನ್ನ ಮನೆಯಲ್ಲಿದ್ದಾನೆ, ಸೋಫಾ ಹರಿದಿದ್ದಾನೆ.

ಇಲಾಖೆ ಸುಮ್ಮನೆ ಕೂರಲಿಲ್ಲ. ಇಂಥ ಘಟನೆ ಇನ್ನೆಂದೂ ನಡೆಯಬಾರದು ಎಂದು ಸುತ್ತೋಲೆ ಹೊರಡಿಸಿತು.

ಬರುವ ಒಂದನೇ ತಾರೀಖಿನಿಂದ ನಾಯಿಗಳ ಡೈರಿ ಬರೆಯುವಂತಿಲ್ಲ.