ಯಾರ ಕಿವಿಗೂ ಕೂರದ ಅಚ್ಚು

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ಪ್ಲೊವ್‌ದಿವ್ ಊರಿನ ನದಿಯಾಚೆಯ ಠಾಣೆಗೆ ಹಲ್ಲಿನ ಡಾಕ್ಟರ್ ಲ್ಯೂಬೆನ್ ಕರಜೊವ್ ಬಂದು, ತನ್ನ ಇಯರ್‌ಫೋನ್ ಕಳುವಾಗಿದೆ ಎಂದು ದೂರು ಕೊಟ್ಟ. ಕಳುವಾದ ಇಯರ್‌ಫೋನನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟವನೂ ಅವನೇ.

ಇನ್‌ಸ್ಪೆಕ್ಟರ್ ರಾದೊಸ್ಲಾವ್ ಚಕರೊವ್ ಆಗಷ್ಟೇ ಚೀಸ್ ತುಂಬಿದ ಬಾನಿತ್ಸಾ ತಿಂದು ಮುಗಿಸಿ ಬೆರಳಿಗಂಟಿದ ಎಣ್ಣೆ ಒರೆಸಿಕೊಳ್ಳುತ್ತಿದ್ದ.

"ಕಳುವಾಗಿದ್ದು ಇದೇನಾ ಡಾಕ್ಟ್ರೇ?"

"ಹೌದು ಸರ್."

"ಇಲ್ಲೇ ಇದೆಯಲ್ರೀ!"

"ಚಿಪ್ಪು ನಂದೇ ಸರ್. ಮೇಲಿರೋ ನಂಬರೂ ನಂದೇ. ಒಳಗಿರೋದು ಮಾತ್ರ ನಂದಲ್ಲ."

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಸ್ತಾಂಕಾ ಪೆನ್ನು ಎತ್ತಿದಳು. "ಅಂದ್ರೆ ಮೈ ಇದೆ, ಜೀವ ಹೋಗಿದೆ. ಕಳ್ಳತನ ಅಂತ ಬರ್ಕೊಳ್ಳಲಾ ಸರ್, ಕೊಲೆ ಅಂತಲಾ?"

ಡಾಕ್ಟರ್ ನಗಲಿಲ್ಲ. ಈ ಜೋಡಿಯನ್ನು ಮಾಡಿದ ಕುಶಲಕರ್ಮಿ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಇನ್ನೊಂದು ಬೇಕೆಂದರೆ ಸಿಗುವಂಥದ್ದಲ್ಲ. ಇದನ್ನು ಕೊಳ್ಳಲು ಅವನು ಕಾರು ಮಾರಿದ್ದ, ಈಗ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದ. ಅದಕ್ಕೆ ಅವನಿಗೆ ಬೇಸರವೂ ಇರಲಿಲ್ಲ, ಯಾಕೆಂದರೆ ಬಸ್ಸಿನಲ್ಲಿ ಕೂತರೆ ಹಾಡು ಕೇಳಬಹುದಲ್ಲ.

ಚಕರೊವ್‌ಗೆ ಕುತೂಹಲ ಹುಟ್ಟಿತು. ಅವನಿಗೆ ಗೊತ್ತಿದ್ದ ಸಂಗೀತವೆಂದರೆ ರೇಡಿಯೋದಲ್ಲಿ ಬರುವ ಫುಟ್‌ಬಾಲ್ ವಿವರಣೆ ಮಾತ್ರ.

"ಜೀವ ಹೋಗಿದೆ ಅಂತ ಹೇಗೆ ಗೊತ್ತಾಯ್ತು?"

"ಹಲ್ಲಿಂದ ಸರ್."

ಈ ಜೋಡಿಯಲ್ಲಿ ಎಲ್ಲದರಲ್ಲೂ ಇರುವ ಪುಟ್ಟ ಸ್ಪೀಕರುಗಳ ಜೊತೆಗೆ ನಡುಗುವ ಚೂರು ಒಂದಿತ್ತು. ಅದು ಗಾಳಿಗೆ ಸದ್ದು ಬಿಡುವುದಿಲ್ಲ, ಚಿಪ್ಪನ್ನೇ ನಡುಗಿಸಿ ತಲೆಯ ಮೂಳೆಗೆ ಸದ್ದು ಮುಟ್ಟಿಸುತ್ತದೆ. ಚಿಪ್ಪನ್ನು ಮೆಲ್ಲಗೆ ಹಲ್ಲಲ್ಲಿ ಕಚ್ಚಿ ಎರಡೂ ಕಿವಿ ಮುಚ್ಚಿಕೊಂಡರೂ ಹಾಡು ತಲೆಯೊಳಗೆ ಕೇಳಬೇಕು. ಹಲ್ಲಿನ ಡಾಕ್ಟರಲ್ಲವೇ, ಅವನಿಗೆ ಹಾಗೆ ಕಚ್ಚಿ ನೋಡುವ ಅಭ್ಯಾಸ. ನಿನ್ನೆ ಸಂಜೆ ಕಚ್ಚಿದಾಗ ಏನೂ ಕೇಳಲಿಲ್ಲ.

"ಇದು ಯಾರ ಕೈಲಿತ್ತು?"

"ಗೆಳೆಯರ ಮಧ್ಯೆ ಸುತ್ತೋಕೆ ಬಿಟ್ಟಿದ್ದೆ ಸರ್."

ಈ ಇಯರ್‌ಫೋನ್ ಹುಚ್ಚಿನವರಲ್ಲಿ ಇಂಥದ್ದೊಂದು ಪದ್ಧತಿ ಇದೆ. ಅಪರೂಪದ ಜೋಡಿ ಸಿಕ್ಕವನು ಅದನ್ನು ಬೀರುವಿನಲ್ಲಿಟ್ಟು ಕೂರುವುದಿಲ್ಲ, ಗೆಳೆಯರ ನಡುವೆ ಸುತ್ತಲು ಬಿಡುತ್ತಾನೆ. ಒಬ್ಬೊಬ್ಬರೂ ಒಂದು ವಾರ ಇಟ್ಟುಕೊಂಡು, ಕೇಳಿ, ಅಭಿಪ್ರಾಯ ಬರೆದು, ಕೊರಿಯರಿನಲ್ಲಿ ಮುಂದಿನವರಿಗೆ ಕಳಿಸುತ್ತಾರೆ. ರಸೀದಿಯಿಲ್ಲ, ಮುಂಗಡವಿಲ್ಲ. ಈ ಸುತ್ತಿನಲ್ಲಿ ನಾಲ್ವರಿದ್ದರು: ಬಸ್ ಚಾಲಕ ಒಗ್ನ್ಯಾನ್, ಭೌತಶಾಸ್ತ್ರದ ಮೇಷ್ಟ್ರು ಕಾಮೆನ್ ವ್ರಾಚೆವ್, ಔಷಧದಂಗಡಿಯ ರಾದ್ಕಾ, ಕೊನೆಗೆ ಬ್ಯಾಂಕಿನ ಅಪೊಸ್ತೊಲ್.

"ಯಾರ ಮೇಲೆ ಅನುಮಾನ?"

"ಯಾರ ಮೇಲೂ ಇಲ್ಲ ಸರ್. ಅದೇ ಕಷ್ಟ. ಇದು ಗೊತ್ತಾಗದೇ ಹೋದ್ರೆ ನಾಲ್ಕು ಜನರ ಮುಖಾನೂ ನಾನು ನೋಡೋಕಾಗಲ್ಲ."

ಚಕರೊವ್ ಎಫ್‌ಐಆರ್ ದಾಖಲಿಸಿದ. ಆಮೇಲೆ ಬಾಗಿಲು ಹಾಕಿಸಿ, ಚಿಪ್ಪನ್ನು ಚೆನ್ನಾಗಿ ಒರೆಸಿ, ತಾನೂ ಒಮ್ಮೆ ಕಚ್ಚಿ ನೋಡಿದ. ಬಾನಿತ್ಸಾದ ಉಪ್ಪು ಬಿಟ್ಟರೆ ಏನೂ ತಿಳಿಯಲಿಲ್ಲ.

ಅಂದು ಮಧ್ಯಾಹ್ನ ಇಬ್ಬರು ಪಂಚರ ಮುಂದೆ ಡಾಕ್ಟರೇ ಸಣ್ಣ ಉಪಕರಣ ಹಿಡಿದು ಚಿಪ್ಪು ಬಿಡಿಸಿದ. ಅಂಚಿನಲ್ಲಿ ಹೊಸ ಅಂಟು ಕಾಣಿಸಿತು. ಒಳಗೆ ಅಗ್ಗದ ಸ್ಪೀಕರುಗಳಿದ್ದವು, ಆದರೆ ಅವನ್ನು ಕಾಟಾಚಾರಕ್ಕೆ ತುರುಕಿರಲಿಲ್ಲ. ಮೂಲದ ಸದ್ದಿಗೆ ಹತ್ತಿರ ಬರುವಂತೆ ಯಾರೋ ತುಂಬ ತಾಳ್ಮೆಯಿಂದ ಹೊಂದಿಸಿದ್ದರು. ಪಂಚನಾಮೆಯಲ್ಲಿ ಅಷ್ಟನ್ನೂ ಬರೆಸಿದ ಚಕರೊವ್‌ಗೆ ಈ ಕಳ್ಳ ವಿಚಿತ್ರದವನೆನಿಸಿತು. ಕದ್ದು ಓಡುವವನು ಇಷ್ಟು ಮರ್ಯಾದೆ ತೋರಿಸುವುದಿಲ್ಲ.

ಮರುದಿನ ಸ್ತಾಂಕಾ ನಾಲ್ವರ ಮನೆಗೂ ಹೋಗಿ ಹೇಳಿಕೆ ತಂದಳು. ಎಲ್ಲರೂ ಜೋಡಿಯನ್ನು ಬಾಯ್ತುಂಬ ಹೊಗಳಿದ್ದರು. ಅದರಲ್ಲೂ ಸುತ್ತಿನ ಕೊನೆಯವನಾದ ಅಪೊಸ್ತೊಲ್ ಬರೆದ ಅಭಿಪ್ರಾಯ ಓದಿ ಚಕರೊವ್ ಅವನನ್ನು ಠಾಣೆಗೇ ಕರೆಸಿದ.

"ಮೂಳೆಗೆ ಇಳಿಯುವ ಬಿಸುಪು ಅಂತ ಬರೆದಿದ್ದೀರಿ."

"ಹೌದು. ಆ ನಡುಗುವ ಚೂರಿನ ಗುಣ ಸರ್ ಅದು. ಅಭ್ಯಾಸ ಇರೋ ಕಿವಿಗೆ ತಕ್ಷಣ ಗೊತ್ತಾಗುತ್ತೆ."

"ನಿಮ್ಮ ಕೈಗೆ ಬಂದಾಗ ಅದರಲ್ಲಿ ಆ ಚೂರೇ ಇರ್ಲಿಲ್ಲ ಅಂದ್ರೆ?"

ಅಪೊಸ್ತೊಲ್‌ನ ಮುಖ ಪೆಚ್ಚಾಯಿತು. "ಇರ್ಲಿಲ್ವಾ?"

"ಬದಲಾಯಿಸಿದ್ದು ನೀವೇ ಆಗಿದ್ರೆ ಆ ಮಾತು ಬೇರೆ," ಎಂದಳು ಸ್ತಾಂಕಾ. "ಈಗ ಎರಡರಲ್ಲಿ ಒಂದು ಹೇಳಿಬಿಡಿ. ನೀವು ಕಳ್ಳರಾ, ಇಲ್ಲಾ ನಿಮ್ಮ ಕಿವಿ ಸುಳ್ಳಾ?"

ಬ್ಯಾಂಕಿನವನಿಗೆ ಯಾವುದು ಹೆಚ್ಚು ಅವಮಾನ ಎಂದು ತೀರ್ಮಾನಿಸುವುದೇ ಕಷ್ಟವಾಗಿತ್ತು. ಕೊನೆಗೆ, ರಾದ್ಕಾ ಬರೆದದ್ದನ್ನು ಓದಿದ ಮೇಲೆ ತನಗೂ ಹಾಗೇ ಕೇಳಿಸಿತು ಎಂದು ಒಪ್ಪಿಕೊಂಡ. ರಾದ್ಕಾಳನ್ನು ಕೇಳಿದರೆ, ಅವಳು ಮೇಷ್ಟ್ರು ಬರೆದದ್ದನ್ನು ಓದಿದ್ದಳು. ಮೇಷ್ಟ್ರು ಕಾಮೆನ್ ಒಗ್ನ್ಯಾನ್‌ನ ಮಾತನ್ನೇ ಎತ್ತಿ ಹೇಳಿದ್ದ. ಚಿಪ್ಪು ಯಾರ ಮನೆಯಲ್ಲಿ ಖಾಲಿಯಾಯಿತು ಎಂಬುದು ಹೊಗಳಿಕೆಯಿಂದ ತಿಳಿಯುವ ಹಾಗಿರಲಿಲ್ಲ.

"ಕದ್ದವನು ಇದನ್ನ ಮಾರೋಕಾಗಲ್ಲ. ನಂಬರಿರೋ ಚಿಪ್ಪನ್ನೇ ವಾಪಸ್ ಕೊಟ್ಟಿದ್ದಾನೆ. ಒಳಗಿನದನ್ನ ಚಿಪ್ಪಿಲ್ಲದೆ ಇಟ್ಕೊಂಡು ಏನು ಮಾಡ್ತಾನೆ?" ಎಂದು ಚಕರೊವ್ ಡಾಕ್ಟರನ್ನು ಕೇಳಿದ.

"ಬೇರೆ ಚಿಪ್ಪಿಗೆ ಹಾಕಿಸ್ತಾನೆ. ನಮ್ಮಲ್ಲಿ ಎಷ್ಟೋ ಜನ ಕಿವಿ ಅಚ್ಚು ತೆಗೆಸಿ, ತಮ್ಮ ಕಿವಿ ಅಳತೆಗೇ ಚಿಪ್ಪು ಮಾಡಿಸ್ಕೋತಾರೆ. ಆಮೇಲೆ ಅದು ಬೇರೆಯವರ ಕಿವಿಗೆ ಕೂರಲ್ಲ."

ಚಕರೊವ್ ಕುರ್ಚಿಯಲ್ಲಿ ನೆಟ್ಟಗೆ ಕೂತ. ಬೆರಳಚ್ಚು ಅವನಿಗೆ ಗೊತ್ತಿತ್ತು, ಕಿವಿಯಚ್ಚು ಹೊಸದು.

ಊರಿನಲ್ಲಿ ಅಂಥ ಚಿಪ್ಪು ಮಾಡುತ್ತಿದ್ದವಳು ಬಿಸೆರಾ ಒಬ್ಬಳೇ. ಕಿವುಡರ ಯಂತ್ರಗಳಿಗೆ ಅಚ್ಚು ಮಾಡುವುದು ಅವಳ ಮುಖ್ಯ ಕೆಲಸ. ಗುರುವಾರ ಪೊಲೀಸರು ಹೋದಾಗ ಅವಳು ಎಪ್ರನ್ ಬಿಚ್ಚದೆಯೇ ಉತ್ತರಿಸಿದಳು. ಹೌದು, ನಡುಗುವ ಚೂರಿದ್ದ ಜೋಡಿಯೊಂದು ಕೊರಿಯರಿನಲ್ಲಿ ಬಂದಿತ್ತು, ಜೊತೆಗೆ ಎರಡು ಕಿವಿಯ ಅಚ್ಚುಗಳೂ ಇದ್ದವು. ಹಳೇ ಚಿಪ್ಪನ್ನು ಒಡೆಯದೆ ವಾಪಸ್ ಕಳಿಸಬೇಕು, ಹೊಸದು ಮಾಮೂಲಿಗಿಂತ ಬಿಗಿಯಾಗಿರಬೇಕು ಎಂದು ಬರೆದಿದ್ದರು. ಹೆಸರು ಹುಡುಕಿಸಿದರೆ ಸುಳ್ಳು ಹೆಸರು, ಪಾರ್ಸಲ್ಲನ್ನು ಕೊರಿಯರ್ ಆಫೀಸಿನಿಂದಲೇ ಒಯ್ದಿದ್ದರು. ಕೊಟ್ಟಿದ್ದ ಫೋನ್ ನಂಬರು ಬಂದ್ ಆಗಿತ್ತು. ಆದರೆ ಅಚ್ಚುಗಳನ್ನು ಬಿಸೆರಾ ಎಸೆದಿರಲಿಲ್ಲ. ಚಿಪ್ಪು ಸಡಿಲವಾಯಿತೆಂದು ಗಿರಾಕಿ ಮರಳಿ ಬರಬಹುದಲ್ಲ. ನೀಲಿ ಬಣ್ಣದ, ಅಗಿದಿಟ್ಟ ಚ್ಯೂಯಿಂಗ್ ಗಮ್ಮಿನಂಥ ಎರಡು ತುಂಡುಗಳು ಪಂಚನಾಮೆ ಸಮೇತ ಠಾಣೆಗೆ ಬಂದವು.

ಶುಕ್ರವಾರ ಸಂಜೆ ನಾಲ್ವರೂ ಸಾಲಾಗಿ ಬೆಂಚಿನ ಮೇಲೆ ಕೂತರು. ಬಿಸೆರಾ ಒಬ್ಬೊಬ್ಬರ ಕಿವಿಗೂ ದೀಪ ಹಿಡಿದು ಅಚ್ಚನ್ನು ಕೂರಿಸಿ ನೋಡಿದಳು. ಒಗ್ನ್ಯಾನ್‌ಗೆ ಕಚಗುಳಿ. "ಮೆತ್ತಗೆ ಕಣಮ್ಮಾ, ಅದು ಕಿವಿ, ಗೇರ್ ಬಾಕ್ಸ್ ಅಲ್ಲ," ಎಂದು ನಕ್ಕ. ಅಪೊಸ್ತೊಲ್ ಕಣ್ಣು ಮುಚ್ಚಿಕೊಂಡು ಕೂತ. ರಾದ್ಕಾಳ ಕಿವಿಯಲ್ಲಿ ಅಚ್ಚು ಅರ್ಧಕ್ಕೇ ನಿಂತಿತು. ಕಾಮೆನ್ ಮೇಷ್ಟ್ರು ಕೇಳುವ ಮೊದಲೇ ಕನ್ನಡಕ ತೆಗೆದು ತಲೆ ವಾಲಿಸಿದ. ಅವನ ದೊಡ್ಡ ಕಿವಿಯಲ್ಲಿ ಅಚ್ಚು ಲೊಡಲೊಡ ಅಲ್ಲಾಡಿತು.

ಯಾರಿಗೂ ಕೂರಲಿಲ್ಲ. ನಾಲ್ವರೂ ನಿಟ್ಟುಸಿರು ಬಿಟ್ಟು ಮನೆಗೆ ಹೋದರು. ಚಕರೊವ್ ಮಾತ್ರ ಬೆಂಚಿನ ಮುಂದೆ ಬೆಪ್ಪಾಗಿ ನಿಂತಿದ್ದ.

ಬಿಸೆರಾ ಅಚ್ಚನ್ನು ಡಬ್ಬಿಗೆ ಹಾಕುತ್ತಾ ಹೇಳಿದಳು, "ಇದು ಇವರ ಪೈಕಿಯವರ ಅಚ್ಚೇ ಅಲ್ಲ ಬಿಡಿ ಸರ್."

"ಅಂದ್ರೆ?"

"ಹಾಡು ಕೇಳೋ ಹುಚ್ಚಿನವರು ಅಚ್ಚು ತೆಗೆಸುವಾಗ ಹಲ್ಲಿನ ಮಧ್ಯೆ ಒಂದು ತುಂಡು ಕಚ್ಕೊಂಡು ಬಾಯಿ ತೆರೆದು ಕೂರ್ತಾರೆ. ಬಾಯಿ ತೆರೆದ್ರೆ ಕಿವಿಯೊಳಗಿನ ದಾರಿ ಅಗಲ ಆಗುತ್ತೆ. ಗಾಯಕರಿಗೂ ಹಾಗೇ ತೆಗೆಯೋದು. ಇದು ಬಾಯಿ ಮುಚ್ಕೊಂಡು ತೆಗೆಸಿದ್ದು. ಕಿವುಡರ ಯಂತ್ರಕ್ಕೆ ಆಸ್ಪತ್ರೇಲಿ ತೆಗೆಯೋ ರೀತಿ."

"ಕಿವಿ ಕೇಳದವರಿಗೆ ಇಂಥ ಇಯರ್‌ಫೋನ್ ಯಾಕೆ?"

"ಕೆಲವರಿಗೆ ಒಳಗಿನ ನರ ಚೆನ್ನಾಗೇ ಇರುತ್ತೆ ಸರ್. ಕಿವಿಯೊಳಗಿನ ಸಣ್ಣ ಮೂಳೆ ಅಲ್ಲಾಡದೆ ಬಿಗಿದುಕೊಂಡಿರುತ್ತೆ, ಸದ್ದು ದಾಟಲ್ಲ. ಅಂಥವರಿಗೆ ತಲೆಯ ಮೂಳೆಯಿಂದ ಸದ್ದು ಕೊಟ್ರೆ ಕೇಳುತ್ತೆ. ಆದ್ರೆ ಚಿಪ್ಪು ಬಿಗಿಯಾಗಿ ಒತ್ಕೊಂಡಿರಬೇಕು."

ಸ್ತಾಂಕಾ ಎದ್ದು ನಿಂತಳು. ಬುಧವಾರ ಹೇಳಿಕೆಗೆ ಹೋದಾಗ ಒಂದು ಮನೆಯಲ್ಲಿ ಹೆಂಗಸೊಬ್ಬಳು ಬಾಗಿಲು ತೆರೆದಿದ್ದಳು. ಕಾಫಿ ಬೇಡವೆಂದು ಇವಳು ಎರಡು ಸಲ ಹೇಳಿದರೂ ಅವಳು ನಗುತ್ತಾ ಕಾಫಿ ತಂದಿಟ್ಟಿದ್ದಳು.

"ಎಷ್ಟು ಉಪಚಾರ ಅಂದ್ಕೊಂಡೆ ಸರ್. ಕೇಳಿಸಿರ್ಲಿಲ್ಲ ಅಷ್ಟೇ."

"ಯಾರ ಮನೆ?"

"ಮೇಷ್ಟ್ರದು."

ಶನಿವಾರ, ಮಾರ್ಚ್ ಹದಿನೈದು. ಬೆಳಿಗ್ಗೆ ಹತ್ತಕ್ಕೆ ಶೋಧನೆಯ ಆದೇಶ ಹಿಡಿದು, ಪಕ್ಕದ ಮನೆಯ ಇಬ್ಬರನ್ನು ಪಂಚರನ್ನಾಗಿ ಕರೆದುಕೊಂಡು ಚಕರೊವ್ ಮೂರನೇ ಮಹಡಿ ಹತ್ತಿದ. ಬಾಗಿಲು ತೆರೆದ ಕಾಮೆನ್ ಇವರನ್ನು ನೋಡಿದ ಕೂಡಲೇ ಪಕ್ಕಕ್ಕೆ ಸರಿದ.

"ಹುಡುಕೋದೇನೂ ಬೇಡ ಸರ್. ಅಡುಗೆಮನೇಲಿದ್ದಾಳೆ."

ಹೆಂಡತಿ ದೊಂಕಾ ಕಿಟಕಿಯ ಬಳಿ ಕೂತು ಕೆಂಪು ಮೆಣಸಿನಕಾಯಿ ಬಿಡಿಸುತ್ತಿದ್ದಳು. ಬೆನ್ನು ಇವರ ಕಡೆಗಿತ್ತು. ಕಿವಿಯಲ್ಲಿ ಆ ಅಚ್ಚಿನ ಅಳತೆಗೇ ಮಾಡಿಸಿದ ನೀಲಿ ಚಿಪ್ಪುಗಳಿದ್ದವು. ಅವಳು ರೊದೋಪಿಯ ಬೆಟ್ಟದ ಹಾಡೊಂದನ್ನು ಹಾಡುತ್ತಿದ್ದಳು. ಮದುವೆಗೆ ಮುಂಚಿನಿಂದ ಮೇಳದಲ್ಲಿ ಹಾಡಿದವಳ ಗಂಟಲು ಅದು. ಕೋಣೆಯಲ್ಲಿ ಬೇರೆ ಸಂಗೀತವಿರಲಿಲ್ಲ, ಅವಳ ಒಂಟಿ ದನಿ ಮಾತ್ರ ಎತ್ತರಕ್ಕೆ ಏರಿ ಎಲ್ಲೂ ಜಾರದೆ ನಿಂತಿತ್ತು. ಪಂಚರಲ್ಲಿ ಒಬ್ಬಳಾದ ಪಕ್ಕದ ಮನೆಯ ಮುದುಕಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆ ಮನೆಯಿಂದ ಹಾಡು ಕೇಳಿ ಅವಳಿಗೆ ಒಂಬತ್ತು ವರ್ಷವಾಗಿತ್ತು.

"ಈ ಹಾಡು ಮುಗೀಲಿ ಸರ್," ಎಂದ ಕಾಮೆನ್ ಮೆಲ್ಲಗೆ.

ಚಕರೊವ್ ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತ. ಕರ್ತವ್ಯದ ಮೇಲಿದ್ದಾಗ ಅವನು ಯಾರಿಗೂ ಅಷ್ಟು ಹೊತ್ತು ಕಾದವನಲ್ಲ.

ಹಾಡು ಮುಗಿದು ಅವಳು ತಿರುಗಿದಳು. ಸಮವಸ್ತ್ರ ನೋಡಿದಳು, ಗಂಡನ ಮುಖ ನೋಡಿದಳು. ಒಂದೊಂದಾಗಿ ಚಿಪ್ಪು ಬಿಚ್ಚಿ, ಎಪ್ರನ್ನಿನಲ್ಲಿ ಒರೆಸಿ, ಮೇಜಿನ ಮೇಲಿಟ್ಟಳು.

"ಕೊಂಡ್ಕೊಂಡೆ ಅಂದಿದ್ದೆಯಲ್ಲೋ," ಎಂದಳು ಗಂಡನಿಗೆ. ತನ್ನ ದನಿ ತನಗೇ ಕೇಳದೆ ಅದು ಕೂಗಿದಂತೆ ಬಂತು.

ಚಿಪ್ಪುಗಳನ್ನು ವಶಪಡಿಸಿಕೊಂಡು, ಪಂಚನಾಮೆ ಬರೆದು ಕಾಮೆನ್‌ನನ್ನು ಬಂಧಿಸಲಾಯಿತು. ಮಧ್ಯಾಹ್ನ ಗುರುತು ಹಿಡಿಯಲು ಬಂದ ಡಾಕ್ಟರ್ ನೀಲಿ ಚಿಪ್ಪನ್ನು ಹಲ್ಲಲ್ಲಿ ಕಚ್ಚಿ, ಎರಡೂ ಕಿವಿ ಮುಚ್ಚಿಕೊಂಡ. ಅವನ ಮುಖ ಅರಳಿತು. ಆಮೇಲೆ ಕಿವಿಗೆ ಹಾಕಲು ನೋಡಿದ. ಹೋಗಲಿಲ್ಲ. ಇನ್ನೊಮ್ಮೆ ಒತ್ತಿ ನೋಡಿ ಕೆಳಗಿಟ್ಟ.

ಹೇಳಿಕೆಯಲ್ಲಿ ಕಾಮೆನ್ ಏನನ್ನೂ ಮುಚ್ಚಿಡಲಿಲ್ಲ. ದೊಂಕಾಳ ಒಂದು ಕಿವಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಅದು ಪೂರ್ತಿ ಕೆಟ್ಟಿತ್ತು, ಇನ್ನೊಂದನ್ನು ಮುಟ್ಟಲು ಅವಳು ಬಿಡಲಿಲ್ಲ. ಯಂತ್ರ ಹಾಕಿಕೊಂಡರೆ ಅಷ್ಟಿಷ್ಟು ಮಾತು ತಿಳಿಯುತ್ತಿತ್ತು, ಹಾಡು ತಗಡಿನ ಸದ್ದಾಗುತ್ತಿತ್ತು. ಜೋಡಿ ಮನೆಗೆ ಬಂದ ವಾರ ಸುಮ್ಮನೆ ಅವಳ ಕಿವಿಗಿಟ್ಟು ಬೆರಳಲ್ಲಿ ಒತ್ತಿ ಹಿಡಿದಿದ್ದ. ಅವಳು ಅಳಲು ಶುರುಮಾಡಿದಳು, ಆಮೇಲೆ ಹಾಡಲು. ಬೆರಳು ತೆಗೆದರೆ ಹಾಡು ನಿಲ್ಲುತ್ತಿತ್ತು. ಶಾಲೆಯ ಕೆಲಸವಿದೆ, ಕೇಳಲು ಇನ್ನೊಂದು ವಾರ ಬೇಕೆಂದು ಗೆಳೆಯರಿಗೆ ಸುಳ್ಳು ಹೇಳಿ, ಹಿಂದೆ ಯಂತ್ರಕ್ಕೆಂದು ಆಸ್ಪತ್ರೆಯಲ್ಲಿ ತೆಗೆಸಿದ್ದ ಅವಳ ಹಳೇ ಅಚ್ಚುಗಳನ್ನು ಹುಡುಕಿ ತೆಗೆದ. ಬಿಸೆರಾಳಿಂದ ಮರಳಿದ ಖಾಲಿ ಚಿಪ್ಪಿಗೆ ಅಗ್ಗದ ಸ್ಪೀಕರುಗಳನ್ನು ತಾನೇ ಹೊಂದಿಸಿ, ಅಂಟಿಸಿ, ರಾದ್ಕಾಳಿಗೆ ಕಳಿಸಿದ.

"ಡಾಕ್ಟ್ರು ನಿಮ್ಮ ಗೆಳೆಯರು," ಎಂದ ಚಕರೊವ್. "ಒಂದು ಮಾತು ಕೇಳಬಹುದಿತ್ತಲ್ಲ ಮೇಷ್ಟ್ರೇ?"

"ಯೋಚಿಸಿದ್ದೆ ಸರ್. ಕೇಳಿ, ಅವರು ಇಲ್ಲ ಅಂದುಬಿಟ್ರೆ ಆಮೇಲೆ ಕದಿಯೋಕೂ ಆಗ್ತಿರ್ಲಿಲ್ಲ."

ಈ ಮಾತನ್ನು ಚಕರೊವ್ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಡಾಕ್ಟರಿಗೆ ಹೇಳಿದ. ದೂರು ವಾಪಸ್ ತೆಗೆದುಕೊಳ್ಳಬಹುದೇ ಎಂದು ಡಾಕ್ಟರ್ ಆಗಲೇ ಎರಡು ಬಾರಿ ಕೇಳಿದ್ದ, ಅದೆಲ್ಲ ಇನ್ನು ನ್ಯಾಯಾಧೀಶರಿಗೆ ಬಿಟ್ಟದ್ದು ಎಂದು ಸ್ತಾಂಕಾ ಎರಡು ಬಾರಿಯೂ ಹೇಳಿದ್ದಳು.

"ಕೇಳಿದ್ರೆ ಕೊಡ್ತಿದ್ರಾ ಡಾಕ್ಟ್ರೇ?"

ಡಾಕ್ಟರ್ ಹೌದೆನ್ನಲು ಬಾಯಿ ತೆರೆದ. ಮಾರಿದ ಕಾರು ನೆನಪಾದವನಂತೆ ನಿಲ್ಲಿಸಿದ.

"ಇನ್ನೊಂದು ವಾರ ಇಟ್ಕೋ ಅಂತಿದ್ದೆ ಸರ್," ಎಂದ. "ಕೊಡ್ತಿರ್ಲಿಲ್ಲ."