ಹನ್ನೊಂದು ಎಣಿಸುವವರೆಗೆ

ಒಂಬತ್ತನೇ ರೀಲಿನಲ್ಲಿ ಮುಖವಾಡದವನು ಚೂರಿ ಎತ್ತಿದ ಕೂಡಲೇ ಪ್ರೊಜೆಕ್ಟರಿನ ಲೆನ್ಸಿಗೆ ಅಂಗೈ ಅಡ್ಡ ಹಿಡಿದು ಹನ್ನೊಂದು ಎಣಿಸಬೇಕು ಎಂದು ಮುದುಕ ಆಪರೇಟರ್ ಮೂರು ಸಲ ಹೇಳಿದ. ಹೊಸದಾಗಿ ಸೇರಿದ್ದವಳು ಮೂರು ಸಲವೂ ನಕ್ಕಳು. ಬಾಯಿ ಜೋರೆಂದು ಥಿಯೇಟರಿನವರೆಲ್ಲ ಅವಳನ್ನು ಪಟಾಕಿ ಎಂದೇ ಕರೆಯುತ್ತಿದ್ದರು.

"ಯಾಕೆ ತಾತ, ಚೂರಿ ಪರದೆ ಹರ್ಕೊಂಡು ಆಚೆ ಬರುತ್ತಾ?"

"ಬರುತ್ತೆ ಮಗಳೇ," ಎಂದ ಮುದುಕ.

ಅದು ನಾಟಕ ಕಂಪನಿಯೊಂದರಲ್ಲಿ ನಡೆಯುವ ಕೊಲೆಯ ಹಳೇ ಚಿತ್ರ. ರಂಗದ ಮೇಲೆಯೇ ನಾಯಕಿಯ ಕುತ್ತಿಗೆ ಕೊಯ್ಯುವ ದೃಶ್ಯಕ್ಕೆ ಯಾರೋ ಮರದ ಚೂರಿ ತೆಗೆದು ನಿಜವಾದದ್ದನ್ನು ಇಟ್ಟಿದ್ದರಂತೆ. ಆ ಪಾತ್ರದ ಹುಡುಗಿ ಕ್ಯಾಮೆರಾದ ಮುಂದೆಯೇ ಸತ್ತಳು. ನಿರ್ದೇಶಕ ಮಹಾಶಯ ಆ ಹನ್ನೊಂದು ಎಣಿಕೆಯ ತುಣುಕನ್ನು ಚಿತ್ರದಲ್ಲಿ ಹಾಗೇ ಉಳಿಸಿಕೊಂಡ, ಅವನ ಮನೆ ಹಾಳಾಗ! ಅಲ್ಲೇ ಉಡುಪು ಹೊಲಿಯುತ್ತಿದ್ದ ಅವಳ ತಾಯಿ ಮಗಳ ರಕ್ತ ಹತ್ತಿದ ಕೂದಲನ್ನು ಆ ಚೂರಿಗೆ ಸುತ್ತಿ ಮಾಟ ಮಾಡಿಸಿದಳು: ನನ್ನ ಮಗಳ ಸಾವನ್ನು ಕಣ್ತುಂಬ ನೋಡಿದವರ ಕುತ್ತಿಗೆಗೆ ಇದೇ ಚೂರಿ ಬರಲಿ.

ನನ್ನ ಕೈ ಇನ್ನು ಕೆಲಸಕ್ಕೆ ಬರುವುದಿಲ್ಲ, ಅದಕ್ಕೇ ನಿನ್ನನ್ನು ಸೇರಿಸಿಕೊಂಡಿದ್ದು ಎಂದ ಮುದುಕ. ಸೆಕೆಯಲ್ಲೂ ಅವನ ಎರಡೂ ಕೈಗೆ ಗವಸಿತ್ತು. ಪಟಾಕಿ ಅದಕ್ಕೂ ಒಂದು ತಮಾಷೆ ಮಾಡಿದಳು.

ಮಧ್ಯಾಹ್ನದ ಆಟಕ್ಕೆ ಅವಳ ತಂಗಿ ಬಂದಳು. ತಂದೆ ತಾಯಿ ಇಲ್ಲದ ಮನೆಯಲ್ಲಿ ಪಟಾಕಿಯೇ ಎತ್ತಿ ಆಡಿಸಿ ಬೆಳೆಸಿದ ಹುಡುಗಿ. ಅಕ್ಕ ಓಡಿಸುವ ಮೊದಲ ಚಿತ್ರವೆಂದು ಮೂರನೇ ಸಾಲಿನಲ್ಲಿ ಕೂತು, ಹಿಂದೆ ತಿರುಗಿ ಕೈ ಬೀಸಿದಳು.

ಒಂಬತ್ತನೇ ರೀಲು. ಮುಖವಾಡದವನು ಚೂರಿ ಎತ್ತಿದ. ಪಟಾಕಿ ಕೈಕಟ್ಟಿ ನಿಂತು, ನೋಡೇಬಿಡೋಣ ಎಂದು ಎಣಿಸತೊಡಗಿದಳು. ಒಂದು. ಎರಡು. ಕೋಣೆಯಲ್ಲಿ ಸುಟ್ಟ ಕೂದಲಿನ ವಾಸನೆ ಎದ್ದಿತು. ಮೂರು. ಮುಖವಾಡದವನು ನಾಯಕಿಯನ್ನು ಬಿಟ್ಟು ಇತ್ತ ತಿರುಗಿದ.

ನಾಲ್ಕು. ಪರದೆ ಬೆಳ್ಳಗೆ ಬರಿದಾಗಿತ್ತು. ಅವನು ಬೆಳಕಿನ ಕೋಲಿನೊಳಗೆ ನಡೆದು ಬರುತ್ತಿದ್ದ. ಮೂರನೇ ಸಾಲಿನ ಹಿಂದೆ ನಿಂತ. ತಂಗಿಯ ಜಡೆ ಹಿಡಿದು ಹಿಂದಕ್ಕೆಳೆದ.

ಪಟಾಕಿ ಸ್ವಿಚ್ಚು ಆರಿಸಿದಳು. ಯಂತ್ರ ನಿಲ್ಲಲಿಲ್ಲ. ತಂತಿ ಕಿತ್ತಳು. ನಿಲ್ಲಲಿಲ್ಲ. ಐದು. ತಂಗಿಯ ಕುತ್ತಿಗೆಯ ಮೇಲೆ ಕೆಂಪು ಗೆರೆ ಮೂಡಿತು. ಅದರಿಂದ ರಕ್ತ ಇಳಿಯಿತು.

ಎಡ ಅಂಗೈಯನ್ನು ಲೆನ್ಸಿಗೆ ಒತ್ತಿದಳು.

ಚೂರಿ ಅಂಗೈ ಹೊಕ್ಕಿತು. ಎಲುಬು ಲಟಕ್ಕೆಂದಿತು. ತುದಿ ಹಿಂಗೈಯಿಂದ ಹೊರಬಂದು, ತಿರುಗಿ, ಮತ್ತೆ ತಿರುಗಿ, ಒಳಸರಿಯಿತು. ರಕ್ತ ಬಿಸಿ ಯಂತ್ರದ ಮೇಲೆ ಚಟಚಟನೆ ಸಿಡಿಯಿತು. ಎಂಟು. ಅಂಗೈಯ ತೂತಿನಿಂದ ಬೆಳಕು ಸೀದಾ ಪರದೆಯತ್ತ ತೂರಿತು. ತಂಗಿ ಕಿರುಚಿದಳು. ಪಟಾಕಿ ಬಲಗೈಯನ್ನೂ ಒತ್ತಿದಳು. ಒಂಬತ್ತು. ತಣ್ಣನೆಯ ತುದಿ ಬಲ ಅಂಗೈಗೆ ತಾಗಿತು. ಹತ್ತು. ಚರ್ಮ ಸೀಳಿತು.

ಹನ್ನೊಂದು.

ತಂಗಿ ಉಳಿದಳು. ಕುತ್ತಿಗೆಗೆ ಹೊಲಿಗೆ ಬಿತ್ತು, ದನಿ ಹೋಯಿತು.

ಮುದುಕ ಆಸ್ಪತ್ರೆಗೆ ಬಂದು, ಏನೂ ಬೈಯದೆ ಗವಸು ಕಳಚಿದ. ಎರಡೂ ಅಂಗೈಗಳ ತೂತಿನಾಚೆ ಮಂಚದ ಕಾಲು ಕಂಡಿತು.

"ಎಡಗೈ ನಕ್ಕಿದ್ದಕ್ಕೆ ಹೋಯ್ತು," ಎಂದ. "ಬಲಗೈ ತೂಕಡಿಸಿದ್ದಕ್ಕೆ."

ರೀಲನ್ನು ಸುಟ್ಟುಬಿಡೋಣ ಎಂದು ಪಟಾಕಿ ಅತ್ತಳು. ಎರಡು ಸಲ ಸುಟ್ಟಿದ್ದೇನೆ, ಮರುದಿನ ಯಂತ್ರದಲ್ಲೇ ಸುತ್ತಿಕೊಂಡಿತ್ತು, ಜನ ಕೂತಿರುವಾಗಲೇ ತಾನಾಗಿ ಓಡಿತು, ಅಡ್ಡ ಹಿಡಿಯಲು ಕೈಯೊಂದು ಇರಲೇಬೇಕು ಎಂದ ಮುದುಕ.

ಈಗ ಅವಳು ಚೂರಿ ಏಳುವ ಮೊದಲೇ ಬಲಗೈ ಇಡುತ್ತಾಳೆ. ಪ್ರತಿ ಆಟದಲ್ಲೂ ಆ ತುದಿ ಹಳೇ ಗಾಯವನ್ನು ಹುಡುಕಿ ಬಂದು ಕೂರುತ್ತದೆ. ನಗು ಎಂದೋ ಬಿಟ್ಟುಹೋಗಿದೆ. ಕೆಲಸ ಕೇಳಿಕೊಂಡು ಯಾರಾದರೂ ಕೋಣೆಗೆ ಬಂದರೆ ಅವಳು ಮೊದಲು ಮುಖ ನೋಡುವುದಿಲ್ಲ, ಅಂಗೈ ನೋಡುತ್ತಾಳೆ.